ಐಪಾಡ್ ಗಡಿಯಾರ ತಪ್ಪು ವೇಳೆ ತೋರಿಸುತ್ತಿದೆಯೇ? ಸರಿಪಡಿಸುವ ಬಗೆ ಇಲ್ಲಿದೆ

ಬೆಂಗಳೂರು: ಬೆಳಗಿನ 6 ಗಂಟೆಗೆ ಅಲಾರಂ ಇಟ್ಟು ಮಲಗಿದವರ ಐಪಾಡ್ ಸಂಜೆ 4.30ಕ್ಕೆ ಕೂಗಿಕೊಂಡರೆ ಅದು ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. ಕಂಪ್ಯೂಟರಿನಿಂದ ಹಾಡುಗಳನ್ನು ತುಂಬಿಕೊಳ್ಳುವಾಗ ತಪ್ಪು ವೇಳೆಯನ್ನೂ ಅದು ತುಂಬಿಕೊಂಡಿರುವ ಸಾಧ್ಯತೆಯೇ ಹೆಚ್ಚು.

2001ರಲ್ಲಿ ಮಾರುಕಟ್ಟೆಗೆ ಬಂದ ಐಪಾಡ್‌ನ ಮಾರಾಟವನ್ನು ಆಪಲ್ ಕಂಪನಿ 2022ರಲ್ಲಿ ಕೊನೆಗೊಳಿಸಿತು. ಆದರೂ ಹಳೆಯ ಕ್ಲಾಸಿಕ್, ನ್ಯಾನೋಗಳನ್ನು ಕಾಪಾಡಿಕೊಂಡವರು ಇಂದಿಗೂ ಇದ್ದಾರೆ. ಡೇರಿ ಸರ್ಕಲ್ ಬಳಿಯ ಸುದ್ದಗುಂಟೆಪಾಳ್ಯದಂತಹ, ವಿದ್ಯಾರ್ಥಿಗಳೂ ಸಾಫ್ಟ್‌ವೇರ್ ನೌಕರರೂ ಪಿ.ಜಿ.ಗಳಲ್ಲಿ ಒಟ್ಟಿಗೆ ನೆಲೆಸಿರುವ ಬಡಾವಣೆಗಳಲ್ಲಿ ಈ ತೊಂದರೆಗೆ ಅವಕಾಶ ಹೆಚ್ಚು. ಅಮೆರಿಕದ ಬಂಧುಗಳು ತಂದುಕೊಟ್ಟ ಐಪಾಡ್‌ನಲ್ಲಿ ಅಲ್ಲಿನ ವೇಳೆ ಉಳಿದಿರಬಹುದು. ವಿದೇಶಿ ಗ್ರಾಹಕರ ವೇಳೆಗೆ ಹೊಂದಿಸಿದ ಕಚೇರಿಯ ಲ್ಯಾಪ್‌ಟಾಪ್‌ಗೆ ಅದನ್ನು ಜೋಡಿಸಿರಲೂಬಹುದು. ಪರೀಕ್ಷೆಯ ದಿನವಾಗಲಿ, ಮನೆಯ ಹಿರಿಯರಿಗೆ ಔಷಧ ಕೊಡುವ ಹೊತ್ತಿನಲ್ಲಾಗಲಿ ಅಲಾರಂ ಕೈಕೊಟ್ಟರೆ ಆಗುವ ನಷ್ಟ ಸಣ್ಣದಲ್ಲ.

ವ್ಯತ್ಯಾಸವೇ ಸುಳಿವು

ಮೊದಲು ವೇಳೆ ಎಷ್ಟು ತಪ್ಪಿದೆ ಎಂಬುದನ್ನು ನೋಡಿಕೊಳ್ಳಬೇಕು. ಭಾರತೀಯ ಕಾಲಮಾನ ಗ್ರೀನ್‌ವಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿದೆ. ಐಪಾಡ್ ಅಷ್ಟೇ ಹಿಂದಿದ್ದರೆ ಅದು ಗ್ರೀನ್‌ವಿಚ್ ವೇಳೆಯಲ್ಲಿದೆ ಎಂದರ್ಥ. 10.30 ಗಂಟೆ ಅಥವಾ 9.30 ಗಂಟೆ ಹಿಂದಿದ್ದರೆ ನ್ಯೂಯಾರ್ಕ್ ವೇಳೆ, 13.30 ಅಥವಾ 12.30 ಗಂಟೆ ಹಿಂದಿದ್ದರೆ ಕ್ಯಾಲಿಫೋರ್ನಿಯಾ ವೇಳೆ. ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೂಡುವುದರಿಂದ ಹೀಗೆ ಎರಡೆರಡು ಲೆಕ್ಕಗಳು ಬರುತ್ತವೆ.

ಸರಿಯಾಗಿ ಒಂದು ಗಂಟೆಯಷ್ಟೇ ತಪ್ಪಿದ್ದರೆ ಈ ಬೇಸಿಗೆ ವೇಳೆಯ ಆಯ್ಕೆಯೇ ಕಾರಣವಾಗಿರಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದಿಡಲಾಗಿತ್ತು. ಈಗ ಆ ಪದ್ಧತಿ ಇಲ್ಲ. ಸರಿಯಾಗಿ 12 ಗಂಟೆ ವ್ಯತ್ಯಾಸವಿದ್ದರೆ ಎ.ಎಂ., ಪಿ.ಎಂ. ಅದಲುಬದಲಾಗಿದೆ. ಇಸವಿಯೇ ತಪ್ಪಿದ್ದರೆ ಬ್ಯಾಟರಿ ಪೂರ್ತಿ ಬರಿದಾಗಿ ಗಡಿಯಾರ ನೆನಪು ಕಳೆದುಕೊಂಡಿರಬಹುದು.

ಮೊದಲು ಕಂಪ್ಯೂಟರ್

ಐಪಾಡ್ ಜೋಡಿಸಿದಾಗ ಅದು ಕಂಪ್ಯೂಟರಿನ ದಿನಾಂಕ ಮತ್ತು ವೇಳೆಯನ್ನು ತಾನಾಗಿ ಪಡೆಯುತ್ತದೆ. ಆದ್ದರಿಂದ ಐಪಾಡ್‌ನಲ್ಲಿ ಮಾತ್ರ ತಿದ್ದಿದರೆ ಮುಂದಿನ ಸಲ ಜೋಡಿಸಿದಾಗ ತಪ್ಪು ಮರಳಿ ಬರುತ್ತದೆ.

1. ವಿಂಡೋಸ್‌ನಲ್ಲಿ ತೆರೆಯ ಕೆಳಮೂಲೆಯ ಗಡಿಯಾರದ ಮೂಲಕ ದಿನಾಂಕ ಮತ್ತು ವೇಳೆಯ ಪುಟ ತೆರೆದು, ಟೈಮ್ ಝೋನ್ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ +5.30 ಸಾಲನ್ನು ಆರಿಸಬೇಕು.

2. ಇಂಟರ್‌ನೆಟ್ ಸಂಪರ್ಕವಿದ್ದರೆ ವೇಳೆಯನ್ನು ತಾನಾಗಿ ಹೊಂದಿಸುವ ಆಯ್ಕೆಯನ್ನು ಆನ್ ಮಾಡಬೇಕು.

3. ಪ್ರತಿ ಬಾರಿ ಕಂಪ್ಯೂಟರ್ ಆರಿಸಿ ಹಚ್ಚಿದಾಗ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸಣ್ಣ ಸೆಲ್ ಮುಗಿದಿರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ಇದು ಸಾಮಾನ್ಯವಾಗಿ ಸಿ.ಆರ್.2032. ಅದನ್ನು ಬದಲಿಸಿದರೆ ಸಾಕು.

ಬಳಿಕ ಐಪಾಡ್

1. ಸೆಟ್ಟಿಂಗ್ಸ್‌ನಲ್ಲಿ 'ಡೇಟ್ ಅಂಡ್ ಟೈಮ್' ತೆರೆಯಬೇಕು.

2. ಟೈಮ್ ಝೋನ್‌ನಲ್ಲಿ ಭಾರತದ ನಗರವೊಂದನ್ನು ಆರಿಸಬೇಕು. ಬೆಂಗಳೂರಿನ ಹೆಸರು ಕಾಣದಿದ್ದರೂ ಚಿಂತೆಯಿಲ್ಲ; ದೇಶಕ್ಕೆಲ್ಲ ಒಂದೇ ಕಾಲಮಾನ.

3. ಡಿ.ಎಸ್.ಟಿ. ಎಂಬ ಆಯ್ಕೆ ಇದ್ದರೆ ಆಫ್ ಮಾಡಬೇಕು.

4. ಚಕ್ರ ತಿರುಗಿಸಿ ದಿನಾಂಕ, ವೇಳೆ ತಿದ್ದಿ ನಡುವಿನ ಗುಂಡಿ ಒತ್ತಬೇಕು. 24 ಗಂಟೆಗಳ ಗಡಿಯಾರವನ್ನು ಆರಿಸಿಕೊಂಡರೆ ಹಗಲು ರಾತ್ರಿಯ ಗೊಂದಲ ತಪ್ಪುತ್ತದೆ.

5. ಮತ್ತೊಮ್ಮೆ ಕಂಪ್ಯೂಟರಿಗೆ ಜೋಡಿಸಿ, ತೆಗೆದು, ವೇಳೆ ಸರಿಯಾಗಿಯೇ ಉಳಿದಿದೆಯೇ ಎಂದು ನೋಡಬೇಕು.

ಎಚ್ಚರಿಕೆ

ವೇಳೆ ತಪ್ಪಿತೆಂದು 'ರಿಸ್ಟೋರ್' ಒತ್ತುವ ಆತುರ ಬೇಡ. ಅದರಿಂದ ಐಪಾಡ್‌ನಲ್ಲಿರುವ ಹಾಡುಗಳೆಲ್ಲ ಅಳಿಸಿಹೋಗುತ್ತವೆ. ಕಚೇರಿಯ ಲ್ಯಾಪ್‌ಟಾಪ್‌ನ ವೇಳೆಯನ್ನು ಬದಲಿಸುವಂತಿಲ್ಲವಾದರೆ ಹಾಡು ತುಂಬಲು ಮನೆಯ ಕಂಪ್ಯೂಟರನ್ನೇ ಬಳಸುವುದು ಲೇಸು. ಎಲ್ಲ ಸರಿಯಾದ ಮೇಲೂ ಹತ್ತು ನಿಮಿಷದ ಮುಂದಿನ ವೇಳೆಗೊಂದು ಅಲಾರಂ ಇಟ್ಟು ಪರೀಕ್ಷಿಸಿದರೆ ಮರುದಿನದ ನಿದ್ದೆಗೆ ನಿಶ್ಚಿಂತೆ.