ಬರಿಗಾಲಿನ ಸೀಮೆ

ಪುತ್ತೂರು, ಸುಳ್ಯ, ಕಡಬದ ಕಡೆಯ ಹಳೆಯ ಮನೆಗಳ ಮೆಟ್ಟಿಲ ಬಳಿ ಒಂದು ಹಂಡೆಯೂ ಅದರ ಮೇಲೊಂದು ಚೊಂಬೂ ಇರುವುದನ್ನು ವಾಚಕರು ನೋಡಿರಬಹುದು. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ಬೆಲ್ಲ ನೀರು, ಮಾತುಕತೆಯೆಲ್ಲ ಅನಂತರ. ಬಂದವರೆಂದರೆ ಜಗಲಿ ಹತ್ತುವ ಹಕ್ಕಿದ್ದವರು. ಅಂಗಳದಾಚೆಯೇ ನಿಲ್ಲಬೇಕಾಗಿದ್ದವರಿಗೆ ಈ ಹಂಡೆಯ ನೀರಿರಲಿಲ್ಲ. ಆ ಮಾತಿಗೆ ಮತ್ತೆ ಬರುತ್ತೇನೆ.

ಇದು ಬರಿಯ ಮಡಿಯ ಆಚಾರವೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲವೆಂದು ಈಗ ತೋರುತ್ತದೆ. ಅದು ನಡೆದೇ ಬದುಕಿದ ಸೀಮೆಯೊಂದರ ವೈದ್ಯ. ನನ್ನ ಅಜ್ಜ ಕಡಬದ ಕಡೆಯಿಂದ ಪುತ್ತೂರಿಗೆ ನಡೆದು ಬರುತ್ತಿದ್ದರು. ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿ, ಗುಡ್ಡ ಹತ್ತಿ ಇಳಿದು, ಒಂದು ಹಗಲಿನ ದಾರಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಕತ್ತರಿಸಿ, ಬಾಳೆಯ ನಾರು ಕಟ್ಟಿ, ಬಿಸಿಲಿನ ದಿನಗಳಿಗೆಂದು ಅವರೇ ಮೆಟ್ಟು ಮಾಡಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ. ಸೊಂಟದಲ್ಲಿ ಉಪ್ಪು, ಹೊಗೆಸೊಪ್ಪಿನ ಒಂದು ಪೊಟ್ಟಣ ಮಾತ್ರ. ಕಚ್ಚಿದ ಜಿಗಣೆಯನ್ನು ಬಿಡಿಸಲು. ರಾತ್ರಿ ಊಟಕ್ಕೆ ಮೊದಲು ಚಿಮಿಣಿ ದೀಪ ಹತ್ತಿರ ಎಳೆದುಕೊಂಡು, ಅಂಗಾಲನ್ನು ಮಡಿಲ ಮೇಲಿಟ್ಟು, ಪುಸ್ತಕ ಓದುವವರಂತೆ ಓದುತ್ತಿದ್ದರು. ಮುಳ್ಳಿದ್ದರೆ ಸೂಜಿ, ಬಿರುಕಿದ್ದರೆ ಎಣ್ಣೆ.

ಆ ಉಪ್ಪು, ಹೊಗೆಸೊಪ್ಪುಗಳನ್ನು ನೆನೆದಾಗಲೆಲ್ಲ ನನಗೆ 1837 ನೆನಪಾಗುತ್ತದೆ. ಕೊಡಗನ್ನು 1834ರಲ್ಲಿ ಕಂಪನಿ ಸರ್ಕಾರ ವಶಮಾಡಿಕೊಂಡ ಮೇಲೆ ಅಮರಸುಳ್ಯ ಮತ್ತು ಪುತ್ತೂರಿನ ಸೀಮೆಗಳು ಕನ್ನಡ ಜಿಲ್ಲೆಗೆ ಸೇರಿದವು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಬೇರೆ. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು, ಬಂಟವಾಳಗಳ ಮೇಲಿಂದ ಏಪ್ರಿಲ್ 5ರಂದು ಮಂಗಳೂರನ್ನು ಸೇರಿದರು. ಬಾವುಟಗುಡ್ಡೆಯಲ್ಲಿ ಧ್ವಜ ಹಾರಿತು. ಸುಮಾರು ಎರಡು ವಾರ ಪಟ್ಟಣ ಅವರ ಕೈಯಲ್ಲಿತ್ತು. ಸುಳ್ಯದಿಂದ ಮಂಗಳೂರಿಗೆ ಇಂದಿನ ರಸ್ತೆಯಲ್ಲಿ 85 ಕಿಲೋಮೀಟರಿನಷ್ಟು ದಾರಿ. ಚೈತ್ರದ ಬಿಸಿಲು, ಕಾದ ಮುರಕಲ್ಲು. ಚರಿತ್ರೆಯ ಪುಸ್ತಕಗಳಲ್ಲಿ ಮುಂದಾಳುಗಳ ಹೆಸರಿದೆ, ಗಲ್ಲಿಗೇರಿದವರ ಹೆಸರಿದೆ. ನಡೆದವರ ಕಾಲು ಹೇಗಿತ್ತೆಂದು ಯಾರೂ ಬರೆದಿಲ್ಲ. ಬಹುಪಾಲು ಬರಿಗಾಲೇ ಇರಬೇಕು.

ಹಾಗೆಂದು ಬರಿಗಾಲು ನಮ್ಮ ಶಾಸ್ತ್ರದ ವಿಧಿಯೇನಲ್ಲ. ಪಾದರಕ್ಷೆ ಧರಿಸುವುದು ಕಣ್ಣಿಗೂ ಬಲಕ್ಕೂ ಹಿತವೆಂದು ಚರಕ ಸಂಹಿತೆಯೇ ಹೇಳುತ್ತದೆ. ಕಾಲಿಗೆ ಎಣ್ಣೆ ತಿಕ್ಕುವುದನ್ನು ದಿನಚರಿಯಲ್ಲಿ ಸೇರಿಸುತ್ತದೆ. ಕನ್ನಡದಲ್ಲಿ ಕೆರ, ಮೆಟ್ಟು, ಹಾವುಗೆ ಎಂದು ಹೆಸರುಗಳಿಗೇನೂ ಬರವಿಲ್ಲ. ಬರವಿದ್ದುದು ಮೆಟ್ಟುವ ಅಧಿಕಾರಕ್ಕೆ. ಧಣಿಯ ಅಂಗಳದಲ್ಲಿ ಒಕ್ಕಲು ಮೆಟ್ಟು ಕಳಚಬೇಕಿತ್ತು. ದಲಿತನಿಗಂತೂ ಧಣಿಯೆದುರು ಮೆಟ್ಟುವ ಮಾತೇ ಇರಲಿಲ್ಲ. ಚರ್ಮ ಹದಮಾಡಿ ಊರಿಗೆಲ್ಲ ಕೆರ ಹೊಲಿದುಕೊಟ್ಟವನೇ ಬರಿಗಾಲಲ್ಲಿ ನಡೆದ. ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸರ ಬೆರಳ ಸಂದುಗಳಲ್ಲಿ ಕೆಸರುಹುಣ್ಣು. ಅದಕ್ಕೆ ಮದರಂಗಿ ಅರೆದು ಕಟ್ಟುತ್ತಿದ್ದರು. ಆ ಕೆಂಪನ್ನು ಅಲಂಕಾರವೆಂದು ಬಗೆದವರು ಗದ್ದೆಗಿಳಿಯದವರು.

ಕಾಣುವ ಹುಣ್ಣಿಗಿಂತ ಕಾಣದ ಹುಳು ಕೆಟ್ಟದ್ದು. ಕೈರೋ ನಗರದಲ್ಲಿದ್ದ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ, 1898ರ ಸುಮಾರಿಗೆ, ಕೊಕ್ಕೆ ಹುಳುವಿನ ಮರಿಗಳಿದ್ದ ನೀರು ಅಕಸ್ಮಾತ್ ಬಿತ್ತು. ತುರಿಕೆಯಾಯಿತು, ವಾರಗಳ ಮೇಲೆ ಆತನ ಮಲದಲ್ಲಿಯೇ ಹುಳುವಿನ ಮೊಟ್ಟೆಗಳು ಕಂಡವು. ಹುಳು ಚರ್ಮದ ಮೂಲಕವೇ ಒಳಹೊಗುತ್ತದೆಂದು ಜಗತ್ತಿಗೆ ತಿಳಿದದ್ದು ಹಾಗೆ. ನೆರಳು, ತೇವ, ಮೆದುಮಣ್ಣು, ಬರಿಗಾಲು, ಜೊತೆಗೆ ತೋಟದಲ್ಲಿಯೇ ಬಹಿರ್ದೆಸೆ: ನಮ್ಮ ಅಡಿಕೆ ತೋಟಕ್ಕಿಂತ ಒಳ್ಳೆಯ ಮನೆ ಆ ಹುಳುವಿಗೆ ಎಲ್ಲಿ ಸಿಕ್ಕೀತು? ಈ ಜಿಲ್ಲೆ ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ 1920ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಈ ಹುಳುವಿನ ವಿರುದ್ಧ ಕೆಲಸ ನಡೆಸಿತು. ಬಿಳಿಚಿಕೊಂಡು ಏದುಸಿರುಬಿಡುವ ಆಳನ್ನು ಸೋಮಾರಿಯೆಂದು ಬಯ್ದ ಧಣಿಗಳಿಗೆ ಅವನ ರಕ್ತ ಎಲ್ಲಿ ಹೋಗುತ್ತಿದೆಯೆಂದು ಗೊತ್ತಿರಲಿಲ್ಲ.

ಈಗ ಹವಾಯಿ ಚಪ್ಪಲಿ ಇಲ್ಲದ ಮನೆಯಿಲ್ಲ. ಆದರೆ ಕಾಲಿನ ಕಷ್ಟ ಬೇರೆ ರೂಪದಲ್ಲಿ ಬಂದಿದೆ. ನನ್ನ ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ಬೇಸಿಗೆಯಲ್ಲಿ ಒಂದು ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನ ಪ್ರದಕ್ಷಿಣೆ ಬಂದರು. ಅಂಗಾಲು ಬೊಬ್ಬೆಯೆದ್ದದ್ದು ಅವರಿಗೆ ತಿಳಿಯಲಿಲ್ಲ. ನಾಲ್ಕು ದಿನದ ಮೇಲೆ ಹಾಸಿಗೆಯ ಬಟ್ಟೆಯಲ್ಲಿ ಕಲೆ ಕಂಡವರು ಅಮ್ಮ. ಎಡಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು. ನೋವಿಲ್ಲವಾದ್ದರಿಂದ ಗಾಯವೂ ಇಲ್ಲವೆಂದು ತಿಳಿದಿದ್ದರಂತೆ.

ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿ ಕಂಡುಕೊಂಡದ್ದು ಇದನ್ನೇ. ಬೆರಳು ತಾನಾಗಿ ಕೊಳೆಯುವುದಿಲ್ಲ. ಸ್ಪರ್ಶ ಸತ್ತ ಕಾಲನ್ನು ಅದರ ಒಡೆಯನೇ ತಿಳಿಯದೆ ಗಾಯಮಾಡಿಕೊಳ್ಳುತ್ತಾನೆ. ಅಲ್ಲಿ ರೋಗಿಗಳಿಗೆಂದು ಮೃದುವಾದ ರಬ್ಬರಿನ ಚಪ್ಪಲಿಗಳನ್ನು ಮಾಡಿಸಿದರು. ಎಂ.ಸಿ.ಆರ್. ಚಪ್ಪಲಿಯೆಂಬ ಹೆಸರಿನಲ್ಲಿ ಅದೇ ಈಗ ಸಕ್ಕರೆ ಕಾಯಿಲೆಯವರ ಕಾಲಿಗೂ ಬಂದಿದೆ.

ಅಪ್ಪನಿಗೂ ಒಂದು ಜೊತೆ ತಂದುಕೊಟ್ಟೆ. ಮನೆಯೊಳಗೂ ಹಾಕಿಕೊಳ್ಳಬೇಕೆಂದಾಗ, "ಒಳಗೆ ಮೆಟ್ಟು ಮೆಟ್ಟಿ ನಡೆಯುವುದಾ? ನಿನ್ನ ಅಜ್ಜ ಇದ್ದಿದ್ದರೆ ಏನು ಹೇಳುತ್ತಿದ್ದರು ಮಾರಾಯ?" ಎಂದರು. ಅಜ್ಜ ಏನು ಹೇಳುತ್ತಿದ್ದರೋ, ಏನು ಮಾಡುತ್ತಿದ್ದರೆಂಬುದು ನನಗೆ ಗೊತ್ತು. ರಾತ್ರಿ ಊಟಕ್ಕೆ ಮೊದಲು ಟಾರ್ಚು ಹಿಡಿದು ಕುಳಿತುಕೊಳ್ಳುತ್ತೇನೆ. ಅಪ್ಪ ಗೊಣಗುತ್ತಲೇ ಕಾಲನ್ನು ನನ್ನ ಮಡಿಲ ಮೇಲಿಡುತ್ತಾರೆ. ನಾಲ್ಕು ಬೆರಳುಗಳ ಸಂದುಗಳನ್ನೂ ಒಂದೊಂದಾಗಿ ಬಿಡಿಸಿ ನೋಡುತ್ತೇನೆ.