‘ಝೀರೋ-ಡೇ’ ಎಂಬ ಪಾರಿಭಾಷಿಕದ ಅರ್ಥವಿಚಾರ

ಕೊಪ್ಪಳ ಸೀಮೆಯ ತಳಕಲ್ಲಿನಲ್ಲಿಯೂ ಸರಕಾರಿ ಇಂಜಿನಿಯರಿಂಗ್ ಕಾಲೇಜು ನೆಲೆಗೊಂಡಿರುವ ಈ ದಿನಗಳಲ್ಲಿ, ಗಣಕಶಾಸ್ತ್ರದ ಪಾರಿಭಾಷಿಕಗಳ ವಿಚಾರವು ಪಟ್ಟಣದ ಪಂಡಿತರಿಗೆ ಮಾತ್ರ ಸೇರಿದುದಲ್ಲ. ಅವುಗಳಲ್ಲಿ ‘ಝೀರೋ-ಡೇ’ ಎಂಬುದು ಬಹುಬಳಕೆಯ, ಆದರೆ ಬಹು ಸಡಿಲವಾದ ಶಬ್ದ. ತಂತ್ರಾಂಶದ ದೋಷವು ಲೋಕಕ್ಕೆಲ್ಲ ತಿಳಿದಿದ್ದು, ಪರಿಹಾರವಿನ್ನೂ ಬಾರದ ಸ್ಥಿತಿಯನ್ನೂ ಇದೇ ಹೆಸರಿನಿಂದ ಕರೆಯುವುದು ಯುಕ್ತವೆ ಎಂಬುದು ಇಲ್ಲಿ ವಿಚಾರಣೀಯ.

ಈ ಶಬ್ದವು 1990ರ ದಶಕದಲ್ಲಿ ತಂತ್ರಾಂಶಗಳನ್ನು ಕದ್ದು ಹಂಚುತ್ತಿದ್ದವರ ಬಳಗದಲ್ಲಿ ರೂಢವಾಗಿದ್ದಿತು. ಮಾರುಕಟ್ಟೆಗೆ ಬಂದ ದಿನವೇ, ಅಥವಾ ಅದಕ್ಕೂ ಮುನ್ನ, ಕೈಸೇರಿದ ಸರಕು ‘ಶೂನ್ಯದಿನ’ದ್ದು. ಭದ್ರತಾಶಾಸ್ತ್ರಕ್ಕೆ ಬಂದಾಗ ಎಣಿಕೆಯ ಆದಿಬಿಂದುವೇ ಬದಲಾಯಿತು. ದೋಷವನ್ನು ತಿದ್ದಲು ತಯಾರಕನಿಗೆ ದೊರೆತ ದಿನಗಳು ಸೊನ್ನೆ ಎಂಬ ಅರ್ಥವುಂಟಾಯಿತು.

ತೊಡಕು ಇಲ್ಲಿಯೇ ಇದೆ. 2005ರ ಡಿಸೆಂಬರ್ ಕೊನೆಯಲ್ಲಿ, ಡಬ್ಲ್ಯುಎಂಎಫ್ ಚಿತ್ರಕಡತಗಳನ್ನು ವಿಂಡೋಸ್ ನಿರ್ವಹಿಸುವ ಕ್ರಮದಲ್ಲಿದ್ದ ದೋಷ ಬಯಲಾಯಿತು. ದುಷ್ಟರು ಅದನ್ನು ಬಳಸುತ್ತಲೂ ಇದ್ದರು. ಮೈಕ್ರೋಸಾಫ್ಟಿನ ತಿದ್ದುಪಡಿ ಬಂದುದು 2006ರ ಜನವರಿ 5ರಂದು. ಮೊದಲ ದಿನವನ್ನು ಶೂನ್ಯದಿನವೆನ್ನೋಣ. ವಾರ ಕಳೆದ ಮೇಲೆಯೂ ಅದು ಶೂನ್ಯವೆ? ಈ ನಡುವೆ ಇಲ್ಫಾಕ್ ಗಿಲ್ಫಾನೋವ್ ಎಂಬ ಹೊರಗಿನ ತಜ್ಞರು ತಾವೇ ಒಂದು ತೇಪೆಯನ್ನು ಸಿದ್ಧಪಡಿಸಿಕೊಟ್ಟರು. ಅದನ್ನು ಪರಿಹಾರವೆನ್ನಬೇಕೆ, ಬೇಡವೆ?

ನಮ್ಮ ಸೀಮೆಯವರಿಗೆ ಈ ಸ್ಥಿತಿ ಅಪರಿಚಿತವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಅಲ್ಲಿ ಇಳಿಸಿದ್ದು ಕಾಯಂ ಗೇಟಲ್ಲ, ಸ್ಟಾಪ್‌ಲಾಗ್. ನೀರು ನಿಂತಿತು, ದುರಸ್ತಿ ಉಳಿಯಿತು.

2014ರ ಏಪ್ರಿಲ್ 7ರಂದು ಪ್ರಕಟವಾದ ‘ಹಾರ್ಟ್‌ಬ್ಲೀಡ್’ ದೋಷದ ಗತಿ ಬೇರೆ. ಪರಿಹಾರವು ಪ್ರಕಟಣೆಯ ದಿನವೇ ಬಂದಿತು. ಅಳವಡಿಸಿಕೊಳ್ಳದವರ ಯಂತ್ರಗಳಲ್ಲಿ ಕಿಂಡಿ ತೆರೆದೇ ಇದ್ದಿತು. ಇಂಥದನ್ನು ತಜ್ಞರು ‘ಎನ್-ಡೇ’ ಎನ್ನುತ್ತಾರೆ.

ಕನ್ನಡದಲ್ಲಿ ‘ಶೂನ್ಯದಿನ ದೋಷ’ವೆಂದರೆ ಶೂನ್ಯಮಾಸವನ್ನು ಬಲ್ಲ ಓದುಗನು ಪಂಚಾಂಗವನ್ನು ತೆರೆದಾನು! ‘ಅಶೋಧಿತ’ವೆಂದರೆ ಹುಡುಕದಿರುವುದೋ ಶುದ್ಧಿಗೊಳಿಸದಿರುವುದೋ ತಿಳಿಯದು. ‘ಅಪರಿಹೃತ’ ಶುದ್ಧವಾದರೂ ನಾಲಗೆಗೆ ಭಾರ. ತಯಾರಕನೂ ಅರಿಯದುದನ್ನು ‘ಗುಪ್ತದೋಷ’ವೆಂದೂ, ಪ್ರಕಟವಾಗಿ ಪರಿಹಾರ ಕಾಣದುದನ್ನು ‘ಬಯಲುದೋಷ’ವೆಂದೂ ಕರೆದು, ಬಯಲಾಗಿ ಕಳೆದ ದಿನಗಳ ಸಂಖ್ಯೆಯನ್ನು ಒಡನೆಯೇ ಹೇಳುವುದು ಲೇಸೆಂದು ನನ್ನ ಅಭಿಪ್ರಾಯ. ‘ಝೀರೋ-ಡೇ’ ಎಂದಷ್ಟೇ ಅಂದಾಗ ತಯಾರಕನ ವಿಳಂಬವು ಲೆಕ್ಕಕ್ಕೆ ಬಾರದು. ‘ಎಂಟು ದಿನದ ಬಯಲುದೋಷ’ ಎಂದಾಗ ಆ ಎಂಟು ದಿನ ಯಾರ ಪಾಲಿನವೆಂದು ಬಳಕೆದಾರನು ಕೇಳಬಲ್ಲನು.