ಕಾವುಪೆಟ್ಟಿಗೆಯೊಳಗಿನ ಬೆಳಕು: ಕೋಳಿಮರಿಯ ಬೆಳವಣಿಗೆ ಕುರಿತ ಸಂಶೋಧನೆಯ ಚರಿತ್ರೆ

ಕೃತಕ ಕಾವಿನ ಚರಿತ್ರೆಯೆಂದರೆ ಬಹುಪಾಲು ಉಷ್ಣತೆಯ ಚರಿತ್ರೆ. ಈಜಿಪ್ಟಿನವರು ಮೊಟ್ಟೆಗಳನ್ನು ಗೊಬ್ಬರದ ಬಿಸಿಯಲ್ಲಿ ಹೂತಿಟ್ಟು ಮರಿ ಮಾಡಿಸುತ್ತಿದ್ದರೆಂದು ಅರಿಸ್ಟಾಟಲ್ ಬರೆದಿದ್ದಾನೆ. ಮುಂದೆ ಅಲ್ಲಿನ ಇಟ್ಟಿಗೆಯ ಕಾವುಮನೆಗಳಲ್ಲಿ ದುಡಿಯುತ್ತಿದ್ದವರು ಮೊಟ್ಟೆಯನ್ನು ಕಣ್ಣರೆಪ್ಪೆಗೆ ತಾಗಿಸಿಯೇ ಬಿಸಿಯ ಹದ ತಿಳಿಯುತ್ತಿದ್ದರು. ಈ ಪದ್ಧತಿಯನ್ನು ಯುರೋಪಿಗೆ ಒಗ್ಗಿಸಲು ಹೊರಟ ಫ್ರಾನ್ಸಿನ ರಿಯೊಮ್ಯೂರ್ 1749ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಉಷ್ಣಮಾಪಕದ್ದೇ ಕಾರುಬಾರು. ಮೊಟ್ಟೆ ಫಲಿತವಾಗಿದೆಯೇ ಎಂದು ದೀಪಕ್ಕೆ ಹಿಡಿದು ನೋಡುವುದರಾಚೆಗೆ ಬೆಳಕಿಗೆ ಕೆಲಸವಿದ್ದಂತೆ ಯಾರಿಗೂ ತೋರಲಿಲ್ಲ. ಇಪ್ಪತ್ತನೆಯ ಶತಮಾನದ ದೊಡ್ಡ ಹ್ಯಾಚರಿಗಳ ಯಂತ್ರಗಳೂ ಒಳಗೆ ಕತ್ತಲಾಗಿಯೇ ಉಳಿದವು.

ಕಾವಿಗೆ ಕೂತ ಕೋಳಿಯ ಅಡಿಯಲ್ಲಿ ಇಂಥ ಅಖಂಡ ಕತ್ತಲೆ ಇರುವುದಿಲ್ಲ. ಮೇವು ನೀರಿಗೆಂದು ಅದು ಆಗಾಗ ಗೂಡು ಬಿಟ್ಟೇಳುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆಗಳ ಮೇಲೆ ಬೆಳಕು ಬೀಳುತ್ತದೆ. ಈ ಸಣ್ಣ ಸಂಗತಿಯ ಮಹತ್ವ ವಿಜ್ಞಾನಕ್ಕೆ ತಿಳಿಯಲು ಬಹಳ ಕಾಲ ಹಿಡಿಯಿತು.

1962ರಲ್ಲಿ ಶುಟ್ಜ್, ಲಾಬರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಕಿರು ವರದಿ ಪ್ರಕಟಿಸಿದರು. ಮಾಮೂಲಿ ಬಲ್ಬಿನ ಬೆಳಕು ಮತ್ತು ಬಣ್ಣದ ಬೆಳಕು ಕೋಳಿ ಭ್ರೂಣದ ಮೇಲೆ ಬೀರುವ ಪ್ರಭಾವವೇ ಅದರ ವಿಷಯ. 1964ರ ಲೇಖನದಲ್ಲಿ ಲಾಬರ್ ಮತ್ತು ಶುಟ್ಜ್ ಬೆಳಕಿನಲ್ಲಿ ಭ್ರೂಣದ ಬೆಳವಣಿಗೆ ಚುರುಕಾಗುತ್ತದೆ ಎಂಬುದನ್ನೇ ಮುಖ್ಯವಾಗಿ ಮಂಡಿಸಿದರು. 1967ರಲ್ಲಿ ತಮೀಮಿ ಮತ್ತು ಫಾಕ್ಸ್ ನಿರಂತರ ಬೆಳಕನ್ನೂ ಬಿಟ್ಟು ಬಿಟ್ಟು ಕೊಟ್ಟ ಬೆಳಕನ್ನೂ ಹೋಲಿಸಿದರು. 1969ರಲ್ಲಿ ಸೀಗಲ್ ತಂಡ ಅದೇ ಜಾಡಿನಲ್ಲಿ ನಡೆಯಿತು. ಈ ಘಟ್ಟದ ಪ್ರಯೋಗಗಳನ್ನು ಎಚ್ಚರದಿಂದ ಓದಬೇಕು. ಕಾವಿನ ಯಂತ್ರದ ಉಷ್ಣತೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಅದು ಅರ್ಧ ಡಿಗ್ರಿ ಏರಿದರೂ ಭ್ರೂಣ ಬೇಗ ಬೆಳೆಯುತ್ತದೆ, ಬಲ್ಬು ಬೆಳಕಿನ ಜೊತೆಗೆ ಬಿಸಿಯನ್ನೂ ಕೊಡುತ್ತದೆ. ಚುರುಕಾದದ್ದು ಬೆಳಕಿನಿಂದಲೋ ಶಾಖದಿಂದಲೋ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಇನ್ನೊಂದು ತೊಡಕೂ ಇದೆ. ಬೇಗ ಹೊರಬಂದ ಮರಿ ಹೆಚ್ಚು ಬೆಳೆಯುವ ಮರಿಯೇ ಆಗಬೇಕೆಂದಿಲ್ಲ. ಉಳಿದ ಮರಿಗಳು ಹೊರಬರುವ ತನಕ ಅದು ಮೇವು ನೀರಿಲ್ಲದೆ ಯಂತ್ರದಲ್ಲೇ ಕಾದು ತೂಕ ಕಳೆದುಕೊಳ್ಳಬಹುದು. ವೇಗವನ್ನೂ ಬೆಳವಣಿಗೆಯನ್ನೂ ಒಂದೇ ಎಂದು ಎಣಿಸಿದ್ದು ಈ ಅಧ್ಯಯನಶಾಖೆಗೆ ದಶಕಗಳ ಕಾಲ ಗೊಂದಲ ತಂದಿತೆಂಬುದು ನನ್ನ ಅಭಿಪ್ರಾಯ.

ದಾರಿಯನ್ನು ಬದಲಿಸಿದ್ದು ತೂಕದ ಗೊಡವೆಗೇ ಹೋಗದ ಒಂದು ಸಂಶೋಧನೆ. ಕಾವಿನ ಕೊನೆಯ ದಿನಗಳಲ್ಲಿ ಭ್ರೂಣ ಚಿಪ್ಪಿನೊಳಗೆ ತಲೆ ಹೊರಳಿಸಿ ಮಲಗಿರುತ್ತದೆ. ಎಡಗಣ್ಣು ಮೈಗೆ ಒತ್ತಿಕೊಂಡು ಮುಚ್ಚಿಹೋಗಿರುತ್ತದೆ, ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ. ಆಸ್ಟ್ರೇಲಿಯದ ಲೆಸ್ಲಿ ರಾಜರ್ಸ್ 1982ರಲ್ಲಿ ತೋರಿಸಿದ್ದು ಇದರ ಪರಿಣಾಮವನ್ನು. ಚಿಪ್ಪಿನ ಮೂಲಕ ಒಳಬಂದ ಬೆಳಕು ಬಲಗಣ್ಣಿಗೆ ಮಾತ್ರ ತಲುಪುವುದರಿಂದ ಮಿದುಳಿನ ಎರಡು ಭಾಗಗಳು ಬೇರೆ ಬೇರೆ ಕೆಲಸಗಳಿಗೆ ಅಣಿಯಾಗುತ್ತವೆ. ಮರಿ ಬಲಗಣ್ಣಿನಿಂದ ಕಾಳನ್ನು ಕಲ್ಲಿನಿಂದ ಬೇರ್ಪಡಿಸಿ ಹೆಕ್ಕುತ್ತದೆ, ಎಡಗಣ್ಣಿನಿಂದ ಹದ್ದಿನ ಮೇಲೆ ನಿಗಾ ಇಡುತ್ತದೆ. 1990ರಲ್ಲಿ ಅವರು ಭ್ರೂಣದ ತಲೆಯನ್ನು ಹೊರಗೆಳೆದು, ಬಲಗಣ್ಣನ್ನು ಮುಚ್ಚಿ ಎಡಗಣ್ಣಿಗೆ ಬೆಳಕು ಕೊಟ್ಟಾಗ ಈ ಹಂಚಿಕೆ ತಿರುವುಮುರುವಾಯಿತು. 2004ರಲ್ಲಿ ರಾಜರ್ಸ್, ಜುಕ್ಕಾ ಮತ್ತು ವಲ್ಲೋರ್ತಿಗಾರ, ಕಾಳು ಹೆಕ್ಕುತ್ತಿದ್ದ ಮರಿಗಳ ಮೇಲಿನಿಂದ ಬೇಟೆಹಕ್ಕಿಯ ಆಕೃತಿಯನ್ನು ಹಾಯಿಸಿದರು. ಬೆಳಕು ಕಂಡ ಮೊಟ್ಟೆಗಳ ಮರಿಗಳು ಎರಡು ಕೆಲಸಗಳನ್ನೂ ಒಟ್ಟಿಗೆ ನಿಭಾಯಿಸಿದವು. ಕತ್ತಲ ಮರಿಗಳು ತಡವರಿಸಿದವು. ಹೊಟ್ಟೆಪಾಡಿನ ಜೊತೆಗೆ ಜೀವ ಉಳಿಸಿಕೊಳ್ಳುವ ಈ ಸಾಮರ್ಥ್ಯವನ್ನು ಬೆಳವಣಿಗೆಯ ಲೆಕ್ಕದಿಂದ ಹೊರಗಿಡುವುದು ಸರಿಯಲ್ಲ.

ಮಾಂಸದ ಲೆಕ್ಕಕ್ಕೆ ಗಟ್ಟಿ ಉತ್ತರ ಬಂದದ್ದು ಎಲ್‌ಇಡಿ ದೀಪಗಳ ನಂತರ. ಇಸ್ರೇಲಿನ ಇಸ್ರೇಲ್ ರೋಜೆನ್‌ಬೋಯಿಮ್, ಒರ್ನಾ ಹಲೇವಿ ಮತ್ತು ಸಂಗಡಿಗರು ಬ್ರಾಯ್ಲರ್ ಮೊಟ್ಟೆಗಳಿಗೆ 560 ನ್ಯಾನೊಮೀಟರ್‌ನ ಹಸಿರು ಬೆಳಕು ಕೊಟ್ಟರು. ಶಾಖ ಏರದಂತೆ 15 ನಿಮಿಷ ಬೆಳಕು, 15 ನಿಮಿಷ ಕತ್ತಲೆ. ಹಳೆಯ ಆಕ್ಷೇಪಕ್ಕೆ ಈ ಏರ್ಪಾಡಿನಲ್ಲೇ ಉತ್ತರವಿತ್ತು. ಭ್ರೂಣದ ತೂಕವೂ ಮರಿಯಾದ ಮೇಲಿನ ಮೈತೂಕ ಮತ್ತು ಎದೆಯ ಮಾಂಸವೂ ಹೆಚ್ಚಿದ್ದನ್ನು ಅವರು 2004ರಲ್ಲಿ ವರದಿ ಮಾಡಿದರು. ಸ್ನಾಯುವನ್ನು ಹಿಗ್ಗಿಸುವ ಉಪಗ್ರಹ ಕೋಶಗಳು ಹೆಚ್ಚಾಗಿ ವಿಭಜನೆಯಾಗುವುದು ಇದಕ್ಕೊಂದು ಕಾರಣವೆಂದು 2006ರ ಲೇಖನ ವಿವರಿಸಿತು.

ಹಾಗಾದರೆ ದೀಪ ಹಗಲೂ ರಾತ್ರಿ ಉರಿಯುತ್ತಿದ್ದರೆ ಇನ್ನೂ ಒಳ್ಳೆಯದೇ? ಇಲ್ಲ. ಕೋಳಿಯ ಪೀನಿಯಲ್ ಗ್ರಂಥಿ ಕತ್ತಲಲ್ಲಿ ಮೆಲಟೋನಿನ್ ಸ್ರವಿಸುತ್ತದೆ, ಭ್ರೂಣದಲ್ಲೇ ಈ ಲಯ ಮೂಡುತ್ತದೆಂದು ಮಿಖಾಲ್ ಜೆಮಾನ್ ಅವರ ತಂಡ ಗುರುತಿಸಿತ್ತು. ಲಯಕ್ಕೆ ರಾತ್ರಿಯೂ ಬೇಕು. ಆರ್ಚರ್ ಮತ್ತು ಜಾಯ್ ಮೆಂಚ್ ಅಮೆರಿಕದಲ್ಲಿ 12 ಗಂಟೆ ಬೆಳಕು, 12 ಗಂಟೆ ಕತ್ತಲೆಯ ಕಾವು ಕಂಡ ಮರಿಗಳಲ್ಲಿ ಅಂಜಿಕೆ, ಒತ್ತಡ ಕಡಿಮೆ ಇರುವುದನ್ನು ದಾಖಲಿಸಿದರು. ನೆದರ್ಲೆಂಡ್ಸ್‌ನ ಕಾರ್ಲಾ ವಾನ್ ಡೆರ್ ಪೋಲ್ ತಂಡದ ಅಧ್ಯಯನದಲ್ಲಿ ಇಂಥ ಹಗಲಿರುಳ ಲಯ ಕಂಡ ಭ್ರೂಣಗಳ ಕಾಲೆಲುಬು, ನಿರಂತರ ಬೆಳಕಿನಲ್ಲಿದ್ದವುಗಳಿಗಿಂತ ಚೆನ್ನಾಗಿ ಬಲಿತಿತ್ತು. ಮೈಭಾರಕ್ಕೆ ಕಾಲು ಸೋಲುವ ಬ್ರಾಯ್ಲರ್‌ಗೆ ಇದು, ನನ್ನ ದೃಷ್ಟಿಯಲ್ಲಿ, ಎದೆಯ ಮಾಂಸಕ್ಕಿಂತ ದೊಡ್ಡ ಗಳಿಕೆ.

ಈ ಫಲಿತಾಂಶಗಳನ್ನು ನಮ್ಮ ಹ್ಯಾಚರಿಗಳಿಗೆ ತರುವ ಮುನ್ನ ಚಿಪ್ಪಿನ ಬಣ್ಣ ಗಮನಿಸಬೇಕು. ಕಂದು ಚಿಪ್ಪಿನ ವರ್ಣದ್ರವ್ಯ ಬೆಳಕನ್ನು ಹೀರಿಕೊಳ್ಳುತ್ತದೆ, ಅದರಲ್ಲೂ ನೀಲಿಯ ಕಡೆಯದನ್ನು ಹೆಚ್ಚಾಗಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿ ಇಡುವುದು ಕಂದು ಮೊಟ್ಟೆ. ಬಿಳಿ ಮೊಟ್ಟೆಗೆ ಸಾಕಾದ ದೀಪ ಅದಕ್ಕೂ ಸಾಕೆಂದು ಊಹಿಸುವಂತಿಲ್ಲ. ಟ್ರೇಗಳು ಒಂದರ ಮೇಲೊಂದಿರುವ ಯಂತ್ರದಲ್ಲಿ ಮೇಲಿನ ಟ್ರೇಯ ನೆರಳು ಕೆಳಗಿನದರ ಮೇಲೆ ಬೀಳುವುದರಿಂದ ಪ್ರತಿ ಟ್ರೇಗೂ ದೀಪ ಬೇಕಾಗುತ್ತದೆ. ಬೆಳಕನ್ನು ಯಂತ್ರದ ಬಾಗಿಲ ಬಳಿಯಲ್ಲದೆ ಚಿಪ್ಪಿನ ಮೇಲೆಯೂ ಚಿಪ್ಪಿನ ಒಳಮಗ್ಗುಲಲ್ಲೂ ಅಳೆಯಬೇಕಾಗುತ್ತದೆ.